ಡಿಸ್ಕ್ ಆಪರೇಷನ್ ವೇಳೆ ನರವನ್ನು ಕಾಯೋದು ಹೇಗೆ? ನಾಲ್ಕು ದಾರಿಗಳು, ಯಾರಿಗೆ ಯಾವುದು

ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಜಾರಿ ನರವನ್ನು ಒತ್ತಿದರೆ ಕೆಲವರಿಗೆ ಆಪರೇಷನ್ ಹೇಳ್ತಾರೆ. ಹಾಸನದ ಡಾಕ್ಟರು "ಪೂರ್ತಿ ಅನಸ್ತೇಷಿಯಾ ಕೊಟ್ಟು ಸಣ್ಣ ಗಾಯದಲ್ಲಿ ಮಾಡ್ತೀವಿ" ಅಂತಾರೆ. ಬೆಂಗಳೂರಿನವರು "ಎಚ್ಚರ ಇರುವಾಗಲೇ ಎಂಡೋಸ್ಕೋಪ್‌ನಲ್ಲಿ ಮಾಡೋಣ, ನೀವು ನಮ್ಮ ಜೊತೆ ಮಾತಾಡ್ತಾ ಇರಬಹುದು" ಅಂತಾರೆ. ಮಂಗಳೂರಿನಿಂದ ತಂದ ಎಸ್ಟಿಮೇಟ್‌ನಲ್ಲಿ 'ನರ್ವ್ ಮಾನಿಟರಿಂಗ್' ಅಂತ, ಅಂದರೆ ಆಪರೇಷನ್ ನಡೆಯುವಾಗ ಮಷೀನಿನಿಂದ ನರವನ್ನು ಗಮನಿಸೋದಕ್ಕೆ, ಬೇರೆಯೇ ಒಂದು ಸಾಲು ಇರುತ್ತೆ, ಅದಕ್ಕೆ ಬೇರೆ ದುಡ್ಡು. ಮೂರೂ ಕಾಗದ ಮುಂದಿಟ್ಟುಕೊಂಡು ಜನ ಕೇಳುವ ಪ್ರಶ್ನೆ ಒಂದೇ. ಯಾವುದರಲ್ಲಿ ನನ್ನ ಕಾಲಿಗೆ ಅಪಾಯ ಕಡಿಮೆ?

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಆಪರೇಷನ್ ಮಾಡೋದು ನನ್ನ ಕೆಲಸ ಅಲ್ಲ. ಆದರೆ ಆಪರೇಷನ್‌ಗೆ ಹೋಗುವ ಮುಂಚೆ ಮತ್ತು ಮುಗಿಸಿ ಬಂದ ಮೇಲೆ ಅದೇ ಕಾಲನ್ನು ಕೈಯಲ್ಲಿ ಹಿಡಿದು ಶಕ್ತಿ ಎಷ್ಟಿದೆ ಅಂತ ನೋಡುವವಳು ನಾನು. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರವೂ ಬರುತ್ತೆ. ಉತ್ತರ ಎಲ್ಲರಿಗೂ ಒಂದೇ ಆಗಿರಲ್ಲ. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಅದಕ್ಕೂ ಮುಂಚೆ ಒಂದು ಮುಖ್ಯ ವಿಷಯ. ಮೂತ್ರ ಕಟ್ಟಿಕೊಂಡಿದ್ದರೆ ಅಥವಾ ಗೊತ್ತಾಗದೆ ಹೋಗುತ್ತಿದ್ದರೆ, ತೊಡೆಯ ಸಂದು ಮತ್ತು ಕೂರುವ ಜಾಗ ಮರಗಟ್ಟಿದ್ದರೆ, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಯಾವ ಹೋಲಿಕೆಯೂ ಬೇಡ. ಸ್ಪೈನ್ ಸರ್ಜನ್ ಅಥವಾ ನ್ಯೂರೋಸರ್ಜನ್ ಇರುವ ಹತ್ತಿರದ ಆಸ್ಪತ್ರೆಗೆ ಅದೇ ದಿನ ಹೋಗಿ. ಇಂಥ ತೊಂದರೆ ಇಲ್ಲದೆ ಬರೀ ಕಾಲಿಗಿಳಿದ ನೋವು ಮಾತ್ರ ಇದ್ದರೆ, ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಔಷಧಿ, ವ್ಯಾಯಾಮದಲ್ಲೇ ಕಡಿಮೆ ಆಗುತ್ತೆ. ಆಪರೇಷನ್ ಬೇಕೇ ಬೇಕು ಅಂತ ತೀರ್ಮಾನ ಆದವರಿಗೆ ಮುಂದಿನದು.

ಯಾವುದನ್ನು ಮುಂದಿಟ್ಟುಕೊಂಡು ತೂಗಬೇಕು

ಮೊದಲನೆಯದು ಜಾಗ. ಇದನ್ನೇ ಜಾಸ್ತಿ ಜನ ಕೇಳೋದಿಲ್ಲ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೇ ಅಥವಾ ಎರಡನೇ ಮೂಳೆಯ ಹತ್ತಿರವೇ ಮುಗಿದುಹೋಗುತ್ತೆ. ಅಲ್ಲಿಂದ ಕೆಳಗೆ ಇರುವುದು ಬಿಡಿ ಬಿಡಿ ನರಗಳ ಗೊಂಚಲು. ಸೊಂಟದ ಡಿಸ್ಕ್ ಹೆಚ್ಚಾಗಿ ಜಾರುವುದು ಎಲ್4-ಎಲ್5 ಮತ್ತು ಎಲ್5-ಎಸ್1 ಅನ್ನುವ ಕೊನೆಯ ಎರಡು ಕಡೆ. ಅಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಸಾಮಾನ್ಯವಾಗಿ ಒಂದು ನರಕ್ಕೆ ಪೆಟ್ಟು, ಅಂದರೆ ಒಂದು ಪಾದದ ಶಕ್ತಿಗೆ ಅಥವಾ ಒಂದು ಪಟ್ಟಿ ಚರ್ಮದ ಸ್ಪರ್ಶಕ್ಕೆ ತೊಂದರೆ. ಅದೂ ಸಣ್ಣದಲ್ಲ. ಆದರೆ ಕುತ್ತಿಗೆಯಲ್ಲಿ, ಬೆನ್ನಿನ ನಡುಭಾಗದಲ್ಲಿ ಪಕ್ಕದಲ್ಲೇ ಬೆನ್ನುಹುರಿ ಇರುತ್ತೆ. ಅಲ್ಲಿ ಪೆಟ್ಟಾದರೆ ಅದರಿಂದ ಕೆಳಗಿನ ಇಡೀ ಮೈಗೆ ತೊಂದರೆ. ಎರಡಕ್ಕೂ ಒಂದೇ ಥರದ ಕಾವಲು ಸಾಲದು.

ಎರಡನೆಯದು ಕೆಲಸದ ಗಾತ್ರ. ಜಾರಿದ ಚೂರನ್ನು ತೆಗೆದು ಬರುವುದು ಒಂದು ಕೆಲಸ. ಸ್ಕ್ರೂ ಹಾಕಿ ಮೂಳೆ ಕೂಡಿಸುವುದು ಬೇರೆ ಕೆಲಸ. ಹಿಂದೆ ಒಮ್ಮೆ ಕೊಯ್ದ ಜಾಗಕ್ಕೆ ಮತ್ತೆ ಹೋಗುವುದು ಇನ್ನೂ ಬೇರೆ. ಹಳೇ ಗಾಯದ ಕಲೆ ನರಕ್ಕೆ ಅಂಟಿಕೊಂಡಿರುತ್ತೆ, ಯಾವುದು ಕಲೆ, ಯಾವುದು ನರ ಅಂತ ಬೇರೆ ಮಾಡೋದು ನುರಿತವರಿಗೂ ಕಷ್ಟ.

ಮೂರನೆಯದು ನಿಮ್ಮ ನರದ ಈಗಿನ ಸ್ಥಿತಿ. ತಿಂಗಳುಗಟ್ಟಲೆ ಒತ್ತಿಸಿಕೊಂಡ ನರ, ಸಕ್ಕರೆ ಕಾಯಿಲೆಯಿಂದ ಮೊದಲೇ ಬಳಲಿದ ನರ ಮಷೀನಿಗೂ ಸರಿಯಾಗಿ ಉತ್ತರ ಕೊಡೋದಿಲ್ಲ.

ನಾಲ್ಕನೆಯದು ನಿಮ್ಮ ಮೈ ಮತ್ತು ಮನಸ್ಸು. ಹೃದಯ, ಶ್ವಾಸಕೋಶ ಹೇಗಿದೆ? ಒಂದು ಗಂಟೆ ಬೋರಲು ಮಲಗೋಕೆ ಆಗುತ್ತಾ? ಆಪರೇಷನ್ ಥಿಯೇಟರ್‌ನ ಸದ್ದು ಕೇಳಿದರೆ ಗಾಬರಿ ಆಗುವವರಾ?

ದುಡ್ಡು ಮತ್ತು ದೂರ ಕೊನೆಗೆ ಬರುತ್ತೆ. ಕೊನೆಗೆ ಅಂತ ಬರೆದೆ, ಆದರೆ ಕಳಸದಿಂದ ಬೆಂಗಳೂರಿಗೆ ಹೋಗಿ ಬರುವವರಿಗೆ ಅದೂ ದೊಡ್ಡದೇ.

ಒಂದು: ಎಚ್ಚರವಾಗಿದ್ದು ಮಾಡಿಸಿಕೊಳ್ಳೋದು

ಇಲ್ಲಿ ನರವನ್ನು ಕಾಯುವವರು ನೀವೇ. ಸೊಂಟದ ಪಕ್ಕದಿಂದ ಸುಮಾರು 8 ಮಿಲಿಮೀಟರ್ ಗಾಯ ಮಾಡಿ, ಪೆನ್ಸಿಲ್ ದಪ್ಪದ ಕೊಳವೆ ತೂರಿಸಿ, ಕ್ಯಾಮೆರಾದಲ್ಲಿ ನೋಡುತ್ತಾ ಡಿಸ್ಕ್ ಚೂರು ತೆಗೆಯುತ್ತಾರೆ. ಚರ್ಮ ಮತ್ತು ಸ್ನಾಯುವಿಗೆ ಲಿಗ್ನೋಕೇನ್ ಥರದ ಮರಗಟ್ಟುವ ಔಷಧಿ, ಜೊತೆಗೆ ಮಂಪರು ಬರಿಸುವ ಸ್ವಲ್ಪ ಔಷಧಿ. ಕೊಳವೆ ಹೋಗುವ ದಾರಿಗೆ 'ಕಾಂಬಿನ್ ತ್ರಿಕೋನ' ಅಂತ ಹೆಸರು. ಹೊರಗೆ ಬರುವ ನರ ಒಂದು ಕಡೆ, ಕೆಳಗೆ ಹೋಗುವ ನರ ಇನ್ನೊಂದು ಕಡೆ, ಕೆಳಗಿನ ಮೂಳೆ ಅಡಿಗೆ. ಈ ಮೂರರ ಮಧ್ಯದ ಸಣ್ಣ ಸಂದಿ ಅದು. ಉಪಕರಣ ನರಕ್ಕೆ ತಾಗಿದರೆ ಕಾಲಿನಲ್ಲಿ ಝುಮ್ ಅಂತ ಹರಿಯುತ್ತೆ, ನೀವು "ಅಯ್ಯೋ, ಪಾದಕ್ಕೆ ಬಂತು" ಅಂತೀರಿ, ಡಾಕ್ಟರು ಅಲ್ಲೇ ನಿಲ್ಲಿಸುತ್ತಾರೆ. "ಹೆಬ್ಬೆರಳು ಎತ್ತಿ" ಅಂದರೆ ಎತ್ತಿ ತೋರಿಸಬಹುದು. ಮಷೀನ್ ಇಲ್ಲದೆಯೇ ಸುದ್ದಿ ತಕ್ಷಣ ಸಿಗುತ್ತೆ. ಖರ್ಚೂ ಬೇರೆ ಇಲ್ಲ.

ತೊಂದರೆಗಳೂ ಇವೆ. ಮಂಪರಿನ ಔಷಧಿ ಸ್ವಲ್ಪ ಹೆಚ್ಚಾದರೆ ಕಾವಲುಗಾರ ನಿದ್ದೆ ಹೋದ ಹಾಗೆ. ಮರಗಟ್ಟುವ ಔಷಧಿ ನರದ ಪಕ್ಕಕ್ಕೇ ಬಿದ್ದರೆ ನರವೇ ಮರಗಟ್ಟುತ್ತೆ, ಆಗ ತಾಗಿದರೂ ಗೊತ್ತಾಗಲ್ಲ. ನೋವು ಪೂರ್ತಿ ಇರೋದಿಲ್ಲ ಅಂತ ಭಾವಿಸಿ ಹೋಗಬೇಡಿ, ಕೆಲವು ಕ್ಷಣ ಚೆನ್ನಾಗಿಯೇ ಗೊತ್ತಾಗುತ್ತೆ. ಎಲ್5-ಎಸ್1 ಡಿಸ್ಕ್ ಆದರೆ ಸೊಂಟದ ಮೂಳೆಯ ಏಣು ಅಡ್ಡ ಬಂದು ಪಕ್ಕದಿಂದ ಹೋಗೋಕೆ ಕೆಲವರಲ್ಲಿ ಆಗೋದೇ ಇಲ್ಲ. ಚೂರು ತುಂಬಾ ದೂರ ಜಾರಿಹೋಗಿದ್ದರೂ ಕಷ್ಟ. ಹೊರಗೆ ಬರುವ ನರ ಕೆಣಕಿಸಿಕೊಂಡು ಆಪರೇಷನ್ ಆದ ಮೇಲೆ ಕೆಲವು ವಾರ ಕಾಲು ಉರಿಯುವುದು ಈ ದಾರಿಯಲ್ಲಿ ಗೊತ್ತಿರುವ ತೊಂದರೆ.

ಇನ್ನೊಂದು ವಿಷಯ, ಇದನ್ನು ನಮ್ಮ ಕಡೆಯವರಿಗೆ ಒತ್ತಿ ಹೇಳ್ತೀನಿ. ಎಚ್ಚರವಾಗಿ ಮಾಡಿಸಿಕೊಳ್ಳುವ ಆಪರೇಷನ್ ಮಾತಿನ ಮೇಲೆ ನಿಂತಿದೆ. ತೋಟದ ಕೆಲಸದ ಅಮ್ಮ ಒಬ್ಬರು ಬೋರಲು ಮಲಗಿದ್ದಾಗ ಹಿಂದೆ ನಿಂತವರು ಬರೀ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೇಳಿದರೆ ಏನು ಉತ್ತರ ಬಂದೀತು? ಥಿಯೇಟರ್ ಒಳಗೆ ತಲೆಯ ಹತ್ತಿರ ಕೂತು ಕನ್ನಡದಲ್ಲಿ ಮಾತಾಡುವವರು ಒಬ್ಬರು ಇರುತ್ತಾರಾ ಅಂತ ಮುಂಚೆಯೇ ಕೇಳಿ. ಜೋಮು, ಉರಿ, ಸೆಳೆತ, ಶಾಕ್ ಹೊಡೆದ ಹಾಗೆ ಆಗೋದು, ಇವು ನಾಲ್ಕೂ ಬೇರೆ ಬೇರೆ ಸುದ್ದಿ. ಹಿಂದಿನ ದಿನವೇ ಯಾವುದಕ್ಕೆ ಏನಂತೀರಿ ಅಂತ ಡಾಕ್ಟರಿಗೆ ಹೇಳಿಟ್ಟಿರಿ.

ಎರಡು: ಬೆನ್ನಿಗೆ ಇಂಜೆಕ್ಷನ್

ಸಿಸೇರಿಯನ್‌ನಲ್ಲಿ ಕೊಡುತ್ತಾರಲ್ಲ, ಅದೇ, ಸ್ಪೈನಲ್ ಅನಸ್ತೇಷಿಯಾ. ಸೊಂಟದಿಂದ ಕೆಳಗೆ ಪೂರ್ತಿ ಮರಗಟ್ಟುತ್ತೆ, ಪ್ರಜ್ಞೆ ಇರುತ್ತೆ. ಉಸಿರಿನ ಕೊಳವೆ ಹಾಕೋದು ಬೇಡ. ಉಬ್ಬಸ ಇರುವವರಿಗೆ, ಪೂರ್ತಿ ಅನಸ್ತೇಷಿಯಾ ತಡೆಯಲಾರದ ಕೆಲವರಿಗೆ ಒಳ್ಳೆಯದು. ಖರ್ಚೂ ಕಡಿಮೆ.

ಆದರೆ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. "ಎಚ್ಚರ ಇರ್ತೀನಲ್ಲ, ನರಕ್ಕೆ ತಾಗಿದರೆ ಗೊತ್ತಾಗುತ್ತೆ" ಅಂತ ಅಂದುಕೊಳ್ಳುತ್ತಾರೆ. ಗೊತ್ತಾಗಲ್ಲ. ಕಾಲೇ ಮರಗಟ್ಟಿರುವಾಗ ನೋವೂ ಬರಲ್ಲ, ಬೆರಳೂ ಆಡಲ್ಲ. ಮಷೀನ್ ಹಚ್ಚಿದರೂ ನರದ ಸುದ್ದಿ ಸರಿಯಾಗಿ ಬರೋದಿಲ್ಲ. ಅಂದರೆ ಇಲ್ಲಿ ಕಾವಲು ಸರ್ಜನ್ನಿನ ಕಣ್ಣು ಮಾತ್ರ. ಕೆಲವು ಕಡೆ ಎಪಿಡ್ಯೂರಲ್ ಮೂಲಕ, ಅಂದರೆ ನರಗಳ ಹೊದಿಕೆಯ ಹೊರಗೆ, ಕಡಿಮೆ ಸಾಂದ್ರತೆಯ ಔಷಧಿ ಕೊಡುತ್ತಾರೆ. ನೋವು ಹೋಗುತ್ತೆ, ಕಾಲಿನ ಚಲನೆ ಸ್ವಲ್ಪ ಉಳಿಯುತ್ತೆ. ಬರೀ ಗಾಯದ ಜಾಗ ಮರಗಟ್ಟಿಸಿ ಮಾಡಿಸಿಕೊಳ್ಳುವ ಧೈರ್ಯ ಇಲ್ಲದವರಿಗೆ ಅದು ನಡುದಾರಿ. ನಿಮಗೆ ಹೇಳುತ್ತಿರುವುದು ಸ್ಪೈನಲ್ಲಾ, ಈ ಎಪಿಡ್ಯೂರಲ್ಲಾ ಅಂತ ಕೇಳಿಕೊಳ್ಳಿ.

ಮೂರು: ಪೂರ್ತಿ ಅನಸ್ತೇಷಿಯಾ, ಮೈಕ್ರೋಸ್ಕೋಪ್, ಮಷೀನ್ ಇಲ್ಲ

ಜಿಲ್ಲಾ ಕೇಂದ್ರಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಎರಡು ಎರಡೂವರೆ ಸೆಂಟಿಮೀಟರ್ ಗಾಯ, ಮೈಕ್ರೋಸ್ಕೋಪ್ ಕೆಳಗೆ ನರವನ್ನು ಕಣ್ಣಾರೆ ನೋಡಿ, ಮೆಲ್ಲಗೆ ಪಕ್ಕಕ್ಕೆ ಸರಿಸಿ, ಚೂರು ತೆಗೆಯುವುದು. ಮೈಕ್ರೋಸ್ಕೋಪ್ ಬಳಸಿ ಡಿಸ್ಕ್ ತೆಗೆಯುವ ಈ ಕ್ರಮವನ್ನು ಯಾಸರ್ಗಿಲ್ ಮತ್ತು ಕಾಸ್ಪರ್ 1977ರಲ್ಲಿ ಪ್ರಕಟಿಸಿದರು. ಕೊಳವೆಯೊಳಗಿಂದ ಮಾಡುವ ಕ್ರಮ 1990ರ ದಶಕದ ಕೊನೆಗೆ ಬಂತು. ಇಷ್ಟು ಕಾಲ ನಿಂತಿರುವ ಆಪರೇಷನ್ ಇದು.

ಇಲ್ಲಿ ನರ ಉಳಿಯುವುದು ಕೈಯ ಅಭ್ಯಾಸದಿಂದ. ನರವನ್ನು ಎಷ್ಟು ದೂರ ಸರಿಸುತ್ತಾರೆ, ಎಷ್ಟು ಹೊತ್ತು ಹಾಗೇ ಹಿಡಿದಿರುತ್ತಾರೆ, ಮಧ್ಯೆ ಮಧ್ಯೆ ಬಿಟ್ಟು ಬಿಡುವು ಕೊಡುತ್ತಾರಾ, ಇದರ ಮೇಲೆ ಎಲ್ಲ ನಿಂತಿದೆ. ಮೊದಲ ಸಲದ, ಒಂದೇ ಡಿಸ್ಕಿನ, ಸೊಂಟದ ಆಪರೇಷನ್‌ಗೆ ಮಷೀನ್ ಸೇರಿಸಿದರೆ ಫಲಿತಾಂಶ ಮೇಲಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಇದನ್ನು ಒಪ್ಪಿಕೊಳ್ಳೋಕೆ ಜನರಿಗೆ ಕಷ್ಟ. ಮಷೀನ್ ಇದ್ದರೆ ಒಳ್ಳೆಯದೇ ತಾನೆ, ಅನ್ನುತ್ತಾರೆ. ಇರಲಿ, ತೊಂದರೆ ಇಲ್ಲ. ಆದರೆ ಅದಕ್ಕಾಗಿ ಸಾಲ ಮಾಡಬೇಡಿ, ಊರಲ್ಲೇ ಇರುವ ಒಳ್ಳೆಯ ಸರ್ಜನ್ ಬಿಟ್ಟು ಹೋಗಬೇಡಿ ಅನ್ನೋದು ನನ್ನ ಮಾತು.

ನಾಲ್ಕು: ಪೂರ್ತಿ ಅನಸ್ತೇಷಿಯಾ, ಜೊತೆಗೆ ನರದ ಮಾನಿಟರಿಂಗ್

ಇದು ಒಂದೇ ಪರೀಕ್ಷೆ ಅಲ್ಲ, ಮೂರ್ನಾಲ್ಕು ಪರೀಕ್ಷೆಗಳ ಗುಂಪು. ಎಸ್ಟಿಮೇಟ್‌ನಲ್ಲಿ ಒಂದೇ ಸಾಲು ಇರುವುದರಿಂದ ಗೊಂದಲ ಆಗುತ್ತೆ. ಯಾವುದನ್ನು ಮಾಡುತ್ತಾರೆ ಅನ್ನೋದರ ಮೇಲೆ ಅದರ ಬೆಲೆ ಇದೆ.

ಸೊಂಟದ ಡಿಸ್ಕಿಗೆ ಹೆಚ್ಚು ಉಪಯೋಗ ಇರುವುದು ಇಎಂಜಿ. ನೀವು ಮಲಗಿದ ಮೇಲೆ ಕಾಲಿನ ಸ್ನಾಯುಗಳಿಗೆ ಸಣ್ಣ ಸೂಜಿ ಚುಚ್ಚುತ್ತಾರೆ. ತೊಡೆಯ ಮುಂಭಾಗದಲ್ಲಿ ಒಂದು, ಮೊಣಕಾಲ ಕೆಳಗಿನ ಮುಂಭಾಗದಲ್ಲಿ ಒಂದು, ಮೀನಖಂಡದಲ್ಲಿ ಒಂದು, ಹೀಗೆ. ಕೆಲವು ಸಲ ಗುದದ್ವಾರದ ಸ್ನಾಯುವಿಗೂ ಹಾಕುತ್ತಾರೆ, ಮೂತ್ರ ಮತ್ತು ಮಲ ಹಿಡಿಯುವ ನರಗಳನ್ನು ನೋಡೋಕೆ. ಒಂದೊಂದು ಸ್ನಾಯುವೂ ಒಂದೆರಡು ನರಗಳ ಅಧೀನ. ನರ ಸುಮ್ಮನಿದ್ದರೆ ಪರದೆಯಲ್ಲಿ ಗೆರೆ ಸಪಾಟಾಗಿರುತ್ತೆ, ಸ್ಪೀಕರ್‌ನಲ್ಲಿ ಸದ್ದು ಇರಲ್ಲ. ಉಪಕರಣ ನರಕ್ಕೆ ಸೋಕಿದರೆ ಚಟ್ ಅಂತ ಒಂದು ಸದ್ದು ಬಂದು ನಿಲ್ಲುತ್ತೆ. ನರ ಎಳೆದುಕೊಂಡಿದ್ದರೆ ಪಟಪಟಪಟ ಅಂತ ನಿಲ್ಲದೆ ಬರುತ್ತೆ. ಮೊದಲನೆಯದಕ್ಕೆ ಸರ್ಜನ್ ಎಚ್ಚರ ಆಗುತ್ತಾರೆ, ಎರಡನೆಯದಕ್ಕೆ ಕೈ ನಿಲ್ಲಿಸುತ್ತಾರೆ. ಥಿಯೇಟರ್ ಒಳಗೆ ಎಲ್ಲರಿಗೂ ಕೇಳುವ ಸದ್ದು ಅದು, ಸರ್ಜನ್ ಪರದೆ ಕಡೆ ತಿರುಗೋದೂ ಬೇಡ.

ಮಿತಿಯೂ ಇದೆ. ನರ ಕತ್ತಿಯಂಚಿನಿಂದ ಒಂದೇ ಏಟಿಗೆ ಕತ್ತರಿಸಿಹೋದರೆ ಇಎಂಜಿ ಒಂದು ಕ್ಷಣ ಚಟ್ ಅಂದು ಸುಮ್ಮನಾಗಬಹುದು. ಹಾಗಾಗಿ ಸದ್ದು ಬರಲಿಲ್ಲ ಅಂದ ಮಾತ್ರಕ್ಕೆ ನರ ಚೆನ್ನಾಗಿದೆ ಅಂತ ಬರೆದುಕೊಡೋಕೆ ಆಗಲ್ಲ. ಆಪರೇಷನ್ ಉದ್ದಕ್ಕೂ ಸ್ನಾಯು ಸಡಿಲಿಸುವ ಔಷಧಿ ಕೊಡುತ್ತಿದ್ದರೆ ಇಎಂಜಿ ಹಚ್ಚಿದ್ದೂ ಒಂದೇ, ಹಚ್ಚದಿದ್ದೂ ಒಂದೇ. ಸ್ನಾಯುವೇ ಅಲ್ಲಾಡದ ಮೇಲೆ ಸದ್ದು ಎಲ್ಲಿಂದ?

ಎರಡನೆಯದು ಎಸ್‌ಎಸ್‌ಇಪಿ. ಪಾದದ ಗಿಣ್ಣಿನ ಹತ್ತಿರ ಸಣ್ಣ ಕರೆಂಟ್ ಕೊಟ್ಟು, ಆ ಸುದ್ದಿ ಮೆದುಳಿಗೆ ಮುಟ್ಟಿತಾ ಅಂತ ನೆತ್ತಿಯ ಮೇಲೆ ಅಳೆಯುತ್ತಾರೆ. ಅಲೆಯ ಎತ್ತರ ಅರ್ಧಕ್ಕಿಂತ ಕೆಳಗೆ ಇಳಿದರೆ, ಅಥವಾ ಮುಟ್ಟುವ ಸಮಯ 10 ಶೇಕಡಾಕ್ಕಿಂತ ಹೆಚ್ಚು ತಡವಾದರೆ ಎಚ್ಚರಿಕೆ. ಇದು ಬೆನ್ನುಹುರಿಯನ್ನು ಕಾಯುವ ಪರೀಕ್ಷೆ. ಒಂದೇ ಒಂದು ನರದ ಬೇರಿಗೆ ಪೆಟ್ಟಾದರೆ ಇದು ಹಿಡಿಯದೇ ಹೋಗಬಹುದು, ಯಾಕೆಂದರೆ ಆ ಸುದ್ದಿ ಹಲವು ಬೇರುಗಳ ಮೂಲಕ ಮೇಲೆ ಹೋಗುತ್ತೆ. ನೂರಾರು ಸಲ ಕರೆಂಟ್ ಕೊಟ್ಟು ಸರಾಸರಿ ತೆಗೆಯಬೇಕಾದ್ದರಿಂದ ಸ್ವಲ್ಪ ತಡವಾಗಿಯೂ ಹೇಳುತ್ತೆ. ಕುತ್ತಿಗೆ ಆಪರೇಷನ್‌ನಲ್ಲಿ ಇದಕ್ಕೆ ಇನ್ನೊಂದು ಉಪಯೋಗ ಇದೆ. ಟೇಬಲ್ ಮೇಲೆ ಭುಜ ಎಳೆದು ಕಟ್ಟಿದ್ದರಿಂದ ಕೈಯ ನರ ಒತ್ತಿಹೋಗಿದ್ದರೆ ತೋರಿಸಿಕೊಡುತ್ತೆ.

ಮೂರನೆಯದು ಎಂಇಪಿ. ನೆತ್ತಿಯ ಮೇಲೆ ಕರೆಂಟ್ ಕೊಟ್ಟು ಕೈಕಾಲು ಎಷ್ಟು ಜಿಗಿಯುತ್ತೆ ಅಂತ ನೋಡುವುದು. ಚಲನೆಯ ದಾರಿಯನ್ನು ನೇರವಾಗಿ ಪರೀಕ್ಷಿಸುತ್ತೆ. ಕುತ್ತಿಗೆ ಮತ್ತು ಬೆನ್ನಿನ ನಡುಭಾಗಕ್ಕೆ ಇದು ಇದ್ದರೆ ನನಗೆ ಸಮಾಧಾನ. ದವಡೆ ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದ ನಾಲಿಗೆಗೆ ಗಾಯ ಆಗಬಹುದು, ಅದಕ್ಕೆ ಹಲ್ಲಿನ ಮಧ್ಯೆ ಮೆತ್ತನೆಯ ಸುರುಳಿ ಇಡುತ್ತಾರೆ. ಮೂರ್ಛೆ ರೋಗ, ಪೇಸ್‌ಮೇಕರ್, ಕಿವಿಯೊಳಗೆ ಹಾಕಿದ ಇಂಪ್ಲಾಂಟ್ ಇದ್ದರೆ ಮೊದಲೇ ಹೇಳಲೇಬೇಕು.

ಸ್ಕ್ರೂ ಹಾಕುವ ಆಪರೇಷನ್ ಆದರೆ ಸ್ಕ್ರೂಗೇ ಸಣ್ಣ ಕರೆಂಟ್ ಕೊಟ್ಟು ನೋಡುವ ಇಎಂಜಿಯೂ ಉಂಟು. ಕಡಿಮೆ ಕರೆಂಟಿಗೇ ಕಾಲು ಜಿಗಿದರೆ ಸ್ಕ್ರೂ ಮೂಳೆಯ ಗೋಡೆ ದಾಟಿ ನರದ ಹತ್ತಿರ ಹೋಗಿದೆ ಅಂತ ಅನುಮಾನ.

ಈ ಎಲ್ಲ ಪರೀಕ್ಷೆಗಳೂ ಅನಸ್ತೇಷಿಯಾ ಡಾಕ್ಟರ ಸಹಕಾರ ಇಲ್ಲದೆ ನಡೆಯಲ್ಲ. ಉಸಿರಿನ ಜೊತೆ ಕೊಡುವ ಅನಸ್ತೇಷಿಯಾ ಗ್ಯಾಸ್ ಹೆಚ್ಚಾದರೆ ಎಂಇಪಿ ಮಂಕಾಗುತ್ತೆ. ಅದಕ್ಕೇ ಹಾಲಿನ ಬಣ್ಣದ ಪ್ರೊಪೊಫಾಲ್ ಅನ್ನು ರಕ್ತನಾಳಕ್ಕೆ ಸತತವಾಗಿ ಬಿಡುತ್ತಾರೆ. ಸ್ನಾಯು ಸಡಿಲಿಸುವ ಔಷಧಿ ಉಸಿರಿನ ಕೊಳವೆ ಹಾಕುವಾಗ ಮಾತ್ರ, ಆಮೇಲೆ ಇಳಿಯಲು ಬಿಡುತ್ತಾರೆ. ರಕ್ತದೊತ್ತಡ ಇಳಿದರೂ, ಮೈ ತಣ್ಣಗಾದರೂ, ಒಂದು ಸೂಜಿ ಜಾರಿದರೂ ಮಷೀನ್ ಎಚ್ಚರಿಕೆ ಕೊಡುತ್ತೆ. ಸುಳ್ಳು ಎಚ್ಚರಿಕೆ ಯಾವುದು, ನಿಜ ಯಾವುದು ಅಂತ ಬಿಡಿಸೋಕೆ ತರಬೇತಿ ಆದವರು ಪರದೆ ಮುಂದೆ ಆಪರೇಷನ್ ಮುಗಿಯುವ ತನಕ ಕೂತಿರಬೇಕು.

ಮಾನಿಟರಿಂಗ್ ನರವನ್ನು ಕಾಪಾಡಲ್ಲ, ಸುದ್ದಿ ಕೊಡುತ್ತೆ ಅಷ್ಟೇ. ತೋಟದ ಮನೆಯಲ್ಲಿ ನಾಯಿ ಬೊಗಳುತ್ತೆ, ಎದ್ದು ಬಾಗಿಲು ತೆಗೆದು ನೋಡಬೇಕಾದವರು ಮನೆಯವರು. ಸುದ್ದಿ ಬಂದಾಗ ಸರ್ಜನ್ ಕೈ ನಿಲ್ಲಿಸಿ, ಎಳೆದು ಹಿಡಿದದ್ದನ್ನು ಬಿಟ್ಟು, ಅನಸ್ತೇಷಿಯಾ ಡಾಕ್ಟರು ರಕ್ತದೊತ್ತಡ ಏರಿಸಿ, ಬಿಸಿ ಸಲೈನ್ ಬಿಟ್ಟು, ಟೆಕ್ನಿಷಿಯನ್ ವೈರುಗಳನ್ನೆಲ್ಲ ಮತ್ತೆ ನೋಡಿ, ಆಮೇಲೆ ಮುಂದಕ್ಕೆ ಹೋಗಬೇಕು. ಈ ಅಭ್ಯಾಸ ಇರುವ ತಂಡಕ್ಕೆ ಮಷೀನ್ ಬೆಲೆಬಾಳುತ್ತೆ. ಮಷೀನ್ ಬರುವ ಮುಂಚೆ ಬೇರೆ ಕ್ರಮ ಇತ್ತು. ಬೆನ್ನು ನೆಟ್ಟಗೆ ಮಾಡುವ ದೊಡ್ಡ ಆಪರೇಷನ್‌ಗಳಲ್ಲಿ ರೋಗಿಯನ್ನು ಅರ್ಧದಲ್ಲೇ ಎಬ್ಬಿಸಿ "ಕಾಲು ಆಡಿಸಿ" ಅಂತ ಕೇಳುತ್ತಿದ್ದರು. ಫ್ರಾನ್ಸಿನ ಸ್ಟಾಗ್ನಾರಾ ಮತ್ತು ಜೊತೆಗಾರರು 1973ರಲ್ಲಿ ಬರೆದ ಆ ಪರೀಕ್ಷೆಯನ್ನು ಮಷೀನ್ ಕೈಕೊಟ್ಟಾಗ ಇವತ್ತಿಗೂ ಬಳಸುತ್ತಾರೆ.

ಯಾರಿಗೆ ಯಾವುದು

ಸಕಲೇಶಪುರದ ಕಡೆ ತೋಟದಲ್ಲಿ ಮೂಟೆ ಹೊರುವ, 40 ವರ್ಷದ ಒಬ್ಬರು ಅಂತ ಇಟ್ಟುಕೊಳ್ಳಿ. ಎಲ್4-ಎಲ್5 ಡಿಸ್ಕ್, ಮೊದಲ ಸಲ, ಬಿಪಿಎಲ್ ಕಾರ್ಡ್. ಇವರಿಗೆ ಮೂರನೇ ದಾರಿ ಸಾಕು. ಹತ್ತಿರದಲ್ಲಿ ಈ ಆಪರೇಷನ್ ಪದೇ ಪದೇ ಮಾಡುವ ಸರ್ಜನ್ ಇದ್ದರೆ ಅಲ್ಲೇ ಮಾಡಿಸಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30 ಶೇಕಡಾ ಮಾತ್ರ ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಹಾಸನದವರಾದರೆ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಪಡೆಯಿರಿ. ಈ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ಸಹಾಯ ಮಾಡುವ ಆರೋಗ್ಯ ಮಿತ್ರರನ್ನು ಕಂಡು ಪ್ಯಾಕೇಜ್‌ನಲ್ಲಿ ಏನೇನು ಸೇರಿದೆ, ಮಾನಿಟರಿಂಗ್ ಹೊರಗಿನದಾ ಒಳಗಿನದಾ ಅಂತ ಅವತ್ತೇ ಕೇಳಿ. ಸಹಕಾರ ಸಂಘದ ಸದಸ್ಯರಾದರೆ ಯಶಸ್ವಿನಿ ಕಾರ್ಡನ್ನೂ ತೋರಿಸಿ.

70 ದಾಟಿದ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಎಚ್ಚರವಾಗಿ ಮಾಡಿಸಿಕೊಳ್ಳುವ ಎಂಡೋಸ್ಕೋಪ್ ದಾರಿಯನ್ನು ನಾನು ಮೊದಲು ಕೇಳಿನೋಡು ಅಂತೀನಿ. ಬೋರಲು ಮಲಗಿದರೆ ಉಸಿರು ಕಟ್ಟದಿದ್ದರೆ, ಡಿಸ್ಕ್ ಇರುವ ಜಾಗಕ್ಕೆ ಪಕ್ಕದಿಂದ ದಾರಿ ಸಿಕ್ಕಿದರೆ. ಸ್ಟೆಂಟ್‌ನವರು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಹೃದಯದ ಡಾಕ್ಟರೇ ಹೇಳಬೇಕು. ಇದೇ ದಾರಿಯನ್ನು, ಇಂಜೆಕ್ಷನ್ ಸೂಜಿ ನೋಡಿದರೆ ಬೆವರುವ 30ರ ಹುಡುಗನಿಗೆ ನಾನು ಹೇಳಲ್ಲ. ಅವನು ಟೇಬಲ್ ಮೇಲೆ ಅಲ್ಲಾಡಿದರೆ ಅಪಾಯ ಜಾಸ್ತಿ.

ಹತ್ತು ವರ್ಷದ ಸಕ್ಕರೆ ಕಾಯಿಲೆ, ಪಾದ ಮೊದಲೇ ಉರಿ, ಜೋಮು. ಇಂಥವರು ಮಾನಿಟರಿಂಗ್‌ಗೆ ದುಡ್ಡು ಕೊಡುವ ಮುಂಚೆ, ತಮ್ಮ ನರದಲ್ಲಿ ಅಳೆಯುವಷ್ಟು ಸುದ್ದಿ ಬರುತ್ತಾ ಅಂತ ಡಾಕ್ಟರನ್ನು ಕೇಳಬೇಕು. ಮೊದಲ ಅಳತೆಯೇ ಸರಿ ಬರದಿದ್ದರೆ ಮಧ್ಯದಲ್ಲಿ ಇಳಿದದ್ದು ಹೇಗೆ ಗೊತ್ತಾದೀತು?

ಪಾದ ಎತ್ತೋಕೆ ಆಗುತ್ತಿಲ್ಲ, ಚಪ್ಪಲಿ ತಾನಾಗಿ ಜಾರಿಹೋಗುತ್ತೆ ಅನ್ನುವವರಿಗೆ ಯಾವ ದಾರಿ ಅನ್ನೋದಕ್ಕಿಂತ ಯಾವಾಗ ಅನ್ನೋದು ಮುಖ್ಯ. ಮಾನಿಟರಿಂಗ್ ಇರುವ ಆಸ್ಪತ್ರೆಯಲ್ಲಿ ಎರಡು ವಾರದ ನಂತರ ದಿನ ಕೊಟ್ಟರೆ, ಇಲ್ಲಿ ನಾಳೆ ಮಾಡುವ ಒಳ್ಳೆಯ ಸರ್ಜನ್ ಇದ್ದರೆ, ಇಲ್ಲೇ.

ಇನ್ನು ಕುತ್ತಿಗೆಯ ಡಿಸ್ಕಿನಿಂದ ಬೆನ್ನುಹುರಿಯೇ ಒತ್ತಿಹೋಗಿರುವವರು, ಬೆನ್ನಿನ ನಡುಭಾಗದ ಡಿಸ್ಕ್, ಎರಡನೇ ಸಲದ ಆಪರೇಷನ್, ಹಲವು ಹಂತಗಳಲ್ಲಿ ಸ್ಕ್ರೂ, ಹುಟ್ಟಿನಿಂದ ಬೆನ್ನು ಸೊಟ್ಟ ಇರುವವರು. ಇವರು ದೂರ ಹೋಗಿ, ನಾಲ್ಕನೇ ದಾರಿಗೆ ದುಡ್ಡು ಹಾಕುವುದು ಸರಿ. ಇಂಥ ಕೆಲಸ ದಿನಾ ನಡೆಯುವ ಕಡೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸರ್ಕಾರದ್ದೇ, ಮಂಗಳೂರು ಮತ್ತು ಮಣಿಪಾಲದ ಮೆಡಿಕಲ್ ಕಾಲೇಜುಗಳಿವೆ. ಕೊಪ್ಪ, ಶೃಂಗೇರಿ ಕಡೆಯವರಿಗೆ ಮಣಿಪಾಲವೇ ಹತ್ತಿರ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್, ರಸ್ತೆಯೂ ಸಪಾಟು.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಸಂಕೋಚ ಬೇಡ. "ನನ್ನಂಥ ಆಪರೇಷನ್ ನೀವು ತಿಂಗಳಿಗೆ ಎಷ್ಟು ಮಾಡ್ತೀರಿ ಸರ್?" ಅಂತ ಮೊದಲು ಕೇಳಿ. ಒಳ್ಳೆಯ ಸರ್ಜನ್ ಇದಕ್ಕೆ ಬೇಜಾರು ಮಾಡಿಕೊಳ್ಳೋದಿಲ್ಲ. ಮಾನಿಟರಿಂಗ್ ಅಂದರೆ ಇಎಂಜಿ ಮಾತ್ರವಾ, ಎಂಇಪಿಯೂ ಇದೆಯಾ? ಟೆಕ್ನಿಷಿಯನ್ ಆಸ್ಪತ್ರೆಯವರಾ, ಹೊರಗಿನಿಂದ ಬರ್ತಾರಾ? ಕೊನೇ ತನಕ ಇರ್ತಾರಾ? ಅನಸ್ತೇಷಿಯಾ ಡಾಕ್ಟರಿಗೆ ಇದು ಮುಂಚೆಯೇ ಗೊತ್ತಾ? ಸೂಜಿಗಳು ಒಂದೇ ಸಲ ಬಳಸುವಂಥವು, ಅವುಗಳ ಖರ್ಚು ಎಸ್ಟಿಮೇಟ್‌ನಲ್ಲಿ ಸೇರಿದೆಯಾ, ಇನ್ಷೂರೆನ್ಸ್ ಕೊಡುತ್ತಾ? ಇದಕ್ಕೆಲ್ಲ ಬಾಯಿಮಾತು ಸಾಲದು, ಬರೆದು ಕೊಡಲಿ. ಸೊಂಟದ ಒಂದು ಡಿಸ್ಕಿಗೆ ಎಸ್‌ಎಸ್‌ಇಪಿ ಒಂದನ್ನೇ ಬರೆದಿದ್ದರೆ, ಅದು ನನ್ನ ನರದ ಬೇರನ್ನು ಹೇಗೆ ಕಾಯುತ್ತೆ ಅಂತ ಕೇಳಿ.

ಯಾವ ದಾರಿ ಹಿಡಿದರೂ ದುಡ್ಡಿಲ್ಲದ ಒಂದು ಕೆಲಸ ಮನೆಯಲ್ಲೇ ಮಾಡಿ. ಆಪರೇಷನ್ ಹಿಂದಿನ ದಿನ, ಹಾಸಿಗೆ ಮೇಲೆ ಅಂಗಾತ ಮಲಗಿ. ಹೆಬ್ಬೆರಳನ್ನು ಮುಖದ ಕಡೆ ಎತ್ತಿ, ಮನೆಯವರು ಒಂದು ಬೆರಳಿಂದ ಕೆಳಗೆ ಒತ್ತಲಿ. ನಿಲ್ಲಿಸಿಕೊಳ್ಳೋಕೆ ಆಯಿತಾ? ಇದು ಎಲ್5 ನರದ ಪರೀಕ್ಷೆ. ಗೋಡೆ ಹಿಡಿದು ಒಂದೇ ಕಾಲಿನ ತುದಿಬೆರಳ ಮೇಲೆ ಏಳಿ, ಒಂದೆರಡು ಸಲ ಸಾಕು. ಅದು ಎಸ್1. ಕುರ್ಚಿಯಲ್ಲಿ ಕೂತು ಮೊಣಕಾಲು ಚಾಚಿ ಹಿಡಿಯುವುದು ಎಲ್4. ನೋವು ತಡೆಯಲಾರದಿದ್ದರೆ ಬಿಟ್ಟುಬಿಡಿ. ಎರಡೂ ಕಾಲಿಗೆ ಮಾಡಿ, ಬಲ, ಎಡ ಅಂತ ಬರೆದಿಡಿ, ಸಾಧ್ಯವಾದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ಮರಗಟ್ಟಿದ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಫೋಟೋ ತೆಗೆಯಿರಿ. ಅನಸ್ತೇಷಿಯಾ ಇಳಿದ ಮೇಲೆ ವಾರ್ಡಿನಲ್ಲಿ ಹೆಬ್ಬೆರಳು ಎತ್ತಿ ಅಂತ ಕೇಳುತ್ತಾರೆ. ಮೊದಲು ಎತ್ತುತ್ತಿದ್ದದ್ದು ಈಗ ಏಳದಿದ್ದರೆ ಆ ಕ್ಷಣವೇ ನರ್ಸಿಗೆ ಹೇಳಿ, ಬೆಳಿಗ್ಗೆ ರೌಂಡ್ಸ್‌ಗೆ ಬರ್ತಾರೆ ಅಂತ ಕಾಯಬೇಡಿ. ಒಳಗೆ ರಕ್ತ ಕಟ್ಟಿಕೊಂಡು ನರ ಒತ್ತುತ್ತಿದ್ದರೆ ಗಂಟೆಗಳ ಲೆಕ್ಕ.

ದೂರದಲ್ಲಿ ಮಾಡಿಸಿದವರು ವಾಪಸ್ ಬರುವ ದಾರಿಯನ್ನೂ ಮುಂಚೆಯೇ ಯೋಚಿಸಿ. ಬೆಂಗಳೂರಿನಿಂದ ಹಾಸನಕ್ಕೆ ರಾತ್ರಿ ರೈಲಿನ ಕೆಳಗಿನ ಬರ್ತ್‌ನಲ್ಲಿ ಮಲಗಿಕೊಂಡು ಬರಬಹುದು. ಮಂಗಳೂರಿನಿಂದ ಶಿರಾಡಿ ಅಥವಾ ಚಾರ್ಮಾಡಿ ಹತ್ತಿ ಬರುವವರು ಕಾರಿನ ಮುಂದಿನ ಸೀಟು ಹಿಂದಕ್ಕೆ ಬಾಗಿಸಿ, ಪ್ರತಿ ಮುಕ್ಕಾಲು ಗಂಟೆಗೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಊರಿಗೆ ಬಂದು ಫಿಸಿಯೋಥೆರಪಿಗೆ ಮೊದಲ ಸಲ ಹೋಗುವಾಗ ಡಿಸ್ಚಾರ್ಜ್ ಕಾಗದ, ಆಪರೇಷನ್ ನೋಟ್ಸ್, ಮಾನಿಟರಿಂಗ್ ಮಾಡಿದ್ದರೆ ಅದರ ರಿಪೋರ್ಟ್, ಜೊತೆಗೆ ನೀವು ಬರೆದಿಟ್ಟ ಆ ಚೀಟಿ ತೆಗೆದುಕೊಂಡು ಹೋಗಿ. ರಿಪೋರ್ಟ್ ಕೊಡದಿದ್ದರೆ ಕೇಳಿ ಪಡೆಯಿರಿ. ದುಡ್ಡು ಕೊಟ್ಟಿದ್ದೀರಿ, ಅದು ನಿಮ್ಮದು.